ಹಳೇ ಗೋಡೆಗೆ ನೀರು

"ಏ ಮುಂಡೇದೇ! ಗೋಡೆಗೆ ಬಿಡು ಅಂದ್ರೆ ಬಿಂದಿಗೆಗೆ ಬಿಡ್ತೀಯೇನೇ? ನಿಮ್ಮಪ್ಪನ ಮನೆ ನೀರಾ?"

ಸೂಪರ್‌ವೈಸರ್ ಬೈಗುಳಕ್ಕೇ ನಿಲ್ಲಿಸಲಿಲ್ಲ. ಬಂದವನೇ ಬಿಂದಿಗೆಗೆ ಒದ್ದ. ಅರ್ಧ ತುಂಬಿದ್ದ ಬಿಂದಿಗೆ ಜಲ್ಲಿಯ ಮೇಲೆ ಉರುಳಿಕೊಂಡು ಹೋಗಿ ಸಿಮೆಂಟು ಚೀಲಕ್ಕೆ ತಾಗಿ ನಿಂತಿತು. ಪ್ಲಾಸ್ಟಿಕ್ಕಿನದು, ಒಡೆಯಲಿಲ್ಲ. ನೀರು ಮಾತ್ರ ಜಲ್ಲಿಯ ಸಂದಿಯಲ್ಲಿ ಇಳಿದುಹೋಯಿತು.

"ಅರ್ಧ ಬಿಂದಿಗೆ ಅಷ್ಟೇ ಅಣ್ಣಾ. ಅತ್ತೆ ಕಾಲು ತೊಳೀಬೇಕು," ಅಂದೆ.

"ನಿಮ್ಮತ್ತೆ ಕಾಲು ತೊಳೆಯೋಕೆ ಸರ್ಕಾರ ಟ್ಯಾಂಕರ್ ಕಳಿಸಿದ್ಯಾ? ಹಿಡಿ ಪೈಪು. ಗೋಡೆ ಮೇಲಿನ ವರಸೆ ಇನ್ನೂ ಒದ್ದೆನೇ ಆಗಿಲ್ಲ."

ಅವನ ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುತ್ತದೆ. ಹಾಗಾಗಿ ನಮ್ಮ ನಡುವೆ ಅವನ ಹೆಸರೇ ಸೀಟಿ. ಕೆಲಸ ನಿಂತು ಎರಡು ವರ್ಷವಾದರೂ ಅವನು ಊದುವುದನ್ನು ನಿಲ್ಲಿಸಿರಲಿಲ್ಲ.

ಗೋಡೆಗೆ ನೀರುಣಿಸುವುದು ನನ್ನ ಕೆಲಸ. ಹೊಸದಾಗಿ ಕಟ್ಟಿದ ಗೋಡೆಗೆ ಹೊತ್ತುಹೊತ್ತಿಗೆ ನೀರು ಹೊಡೆಯದಿದ್ದರೆ ಸಿಮೆಂಟು ಗಟ್ಟಿಯಾಗುವುದಿಲ್ಲ, ಉಗುರಲ್ಲಿ ಕೆರೆದರೂ ಉದುರುತ್ತದೆ. ಹತ್ತು ಹದಿನೈದು ದಿನ ಹಸುಗೂಸಿನಂತೆ ನೋಡಿಕೊಂಡರೆ ಆಮೇಲೆ ಅದರ ಪಾಡು ಅದಕ್ಕೆ. ಈ ಗೋಡೆಗೆ ಎರಡು ವರ್ಷ ವಯಸ್ಸು. ಕಟ್ಟಿದ್ದು ನನ್ನ ಗಂಡ, ಆಗ ನೀರು ಹೊಡೆದವಳೂ ನಾನೇ. ಈಗ ಮತ್ತೆ ಅದಕ್ಕೇ ನೀರು ಹೊಡೆಯುವುದೆಂದರೆ ಮೀಸೆ ಬಂದವನಿಗೆ ತೊಟ್ಟಿಲು ತೂಗಿದ ಹಾಗೆ.

ಆದರೆ ಗುರುವಾರ ತಪಾಸಣೆಯಿತ್ತು. ರಾಜಧಾನಿಯಿಂದ ಮೇಡಂ ಬರುವವರಿದ್ದರು. ಕೆಲಸ ನಡೆಯುತ್ತಿದೆ ಎಂದು ಅವರ ಕಣ್ಣಿಗೆ ಕಂಡರೆ ಯೋಜನೆಗೆ ಸರ್ಕಾರದ ಹಣ ಉಳಿಯುತ್ತದೆ, ಕಾಣದಿದ್ದರೆ ವಾಪಸ್ ಹೋಗುತ್ತದೆ. ಅದಕ್ಕೇ ನಮ್ಮನ್ನೆಲ್ಲ ಹುಡುಕಿ ಕರೆದಿದ್ದರು. ಇಬ್ಬರು ಕಂಬಿಯ ತುಕ್ಕು ಉಜ್ಜುತ್ತಿದ್ದರು, ಇನ್ನಿಬ್ಬರು ಗೋಡೆಯ ಬಿರುಕಿನಲ್ಲಿ ಸೊಂಟದೆತ್ತರ ಬೆಳೆದಿದ್ದ ಗಿಡಗಳನ್ನು ಕೀಳುತ್ತಿದ್ದರು. ಒದ್ದೆಯಾದರೆ ಗೋಡೆ ಹೊಸದರಂತೆ ಕಪ್ಪಗೆ ಕಾಣುತ್ತದೆ. ಬಿಸಿಲಿಗೆ ಒಣಗಲು ಹತ್ತು ನಿಮಿಷ ಸಾಕು. ಒಣಗಿದರೆ ಬಿಳಿಚಿಕೊಂಡು ತನ್ನ ವಯಸ್ಸನ್ನು ತಾನೇ ಹೇಳಿಬಿಡುತ್ತದೆ. ಹಾಗಾಗಿ ನಾನು ಬೆಳಗಿನಿಂದ ಪೈಪು ಕೆಳಗಿಟ್ಟಿರಲಿಲ್ಲ.

ರಸ್ತೆಯ ಬದಿಯ ಬೋರ್ಡಿನಲ್ಲಿ 'ಹಳೇ ಪೇಟೆ ಪುನರುಜ್ಜೀವನ ಯೋಜನೆ' ಎಂದು ಬರೆದಿದೆ. ಬೋರ್ಡಿನ ಚಿತ್ರದಲ್ಲಿ ನಾಲ್ಕು ಮಹಡಿ, ಮರಗಳು, ನಗುವ ಹೆಂಗಸರು ಇದ್ದಾರೆ. ಅಲ್ಲಿ ಮೊದಲು ನಮ್ಮ ಓಣಿಯಿತ್ತು, ನಲವತ್ತು ಮನೆ. ಈಗ ಎರಡನೇ ಕಂಬ ನಿಂತಿರುವಲ್ಲಿ ನನ್ನ ಒಲೆಯಿತ್ತು. "ಮೂರೇ ತಿಂಗಳು ತಗಡಿನ ಶೆಡ್ಡಲ್ಲಿರಿ, ಆಮೇಲೆ ನಿಮಗೇ ಮನೆ" ಎಂದು ಎಬ್ಬಿಸಿದರು. ಪಾಯ ತೋಡುವಾಗ ಯಂತ್ರ ಓಣಿಯ ನೀರಿನ ಪೈಪು ಕತ್ತರಿಸಿತು. ಒಂದು ಮಹಡಿಯ ಗೋಡೆ ಎದ್ದಿತು, ಅಷ್ಟಕ್ಕೇ ಕೆಲಸ ನಿಂತಿತು. ಕತ್ತರಿಸಿದ ಪೈಪನ್ನು ಜೋಡಿಸುವವರೇ ಇರಲಿಲ್ಲ. ಬಸ್ ನಿಲ್ದಾಣದ ಹಿಂದಿನ ನಲ್ಲಿಯಲ್ಲಿ ಬೆಳಗ್ಗೆ ಒಂದು ತಾಸು ನೂಲಿನಷ್ಟು ನೀರು ಬರುತ್ತದೆ. ನಲವತ್ತು ಮನೆಗೂ ಅದೇ, ಕುಡಿಯಲಿಕ್ಕೇ ಸಾಲದು. ನಮ್ಮ ಕೈಗೆ ಮಾತ್ರ ಒಂದೊಂದು ಚೀಟಿ ಕೊಟ್ಟಿದ್ದರು: ನಮ್ಮದು ಮನೆ ನಂಬರು ಮೂವತ್ತೊಂದು, ಮೂರನೇ ಮಹಡಿ. ಮೂರನೇ ಮಹಡಿ ಇನ್ನೂ ಆಕಾಶದಲ್ಲೇ ಇತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ.

ಮಧ್ಯಾಹ್ನ ಶೆಡ್ಡಿಗೆ ಹೋದಾಗ ಅತ್ತೆ ಬಾಗಿಲಿಗೇ ಕೂತಿದ್ದರು. ಬಾಗಿಲೆಂದರೆ ಒಂದು ಚಾಪೆ. ತಗಡಿನ ಅಂಚು ತಾಗಿ ಆದ ಗಾಯ ಪಾದದ ತುಂಬ ಹಬ್ಬಿ ನಾಲ್ಕು ತಿಂಗಳಾಗಿತ್ತು. ದಿನಕ್ಕೆರಡು ಸಲ ಚೆನ್ನಾಗಿ ತೊಳೆದು ಮುಲಾಮು ಹಚ್ಚಿ, ಇಲ್ಲದಿದ್ದರೆ ಕಾಲೇ ತೆಗೀಬೇಕಾಗುತ್ತೆ ಎಂದು ಆಸ್ಪತ್ರೆಯ ನರ್ಸ್ ಎಚ್ಚರಿಸಿದ್ದಳು. ಮುಲಾಮು ಇತ್ತು.

"ಏನೇ, ಬರಿಗೈಯಲ್ಲಿ ಬಂದೆ?"

"ಸೀಟಿ ಒದ್ದುಬಿಟ್ಟ."

"ನಿನ್ನನ್ನಾ?"

"ಬಿಂದಿಗೇನ."

"ಹಂಗಾದ್ರೆ ಬದುಕ್ಕೊಂಡ ಬಿಡು. ನಿನ್ನನ್ನ ಒದ್ದಿದ್ರೆ ನಾನೇ ಹೋಗಿ ಇದೇ ಕಾಲಲ್ಲಿ ಒದೀತಿದ್ದೆ ಆ ಬೋಳಿಮಗನ್ನ. ಏಟಿಗಿಂತ ವಾಸನೆಗೇ ಸಾಯ್ತಿದ್ದ." ಅತ್ತೆ ನಕ್ಕರು, ಆಮೇಲೆ ಕಾಲು ಹಿಡಿದುಕೊಂಡು ಮುಖ ಕಿವುಚಿದರು. "ಗೋಡೆಗೆ ಕಿವಿ ಇರುತ್ತೆ ಅಂತ ಕೇಳಿದ್ದೆ ಕಣೇ. ಬಾಯಾರಿಕೆನೂ ಇರುತ್ತೆ ಅಂತ ಈಗ ಗೊತ್ತಾಯ್ತು."

ಒಳಗೆ ಗಾರೆ ಕರಣೆ ಒರೆಸುತ್ತ ಕೂತಿದ್ದ ನನ್ನ ಗಂಡ ತಲೆಯೆತ್ತಲಿಲ್ಲ. "ಗುರುವಾರ ಒಂದಿನ ಕಳೀಲಿ, ಸುಮ್ನಿರಮ್ಮ. ದುಡ್ಡು ವಾಪಸ್ ಹೋದ್ರೆ ಈ ಜನ್ಮದಲ್ಲಿ ಮನೆ ಇಲ್ಲ. ನಿನಗೂ ಬಾಗಿಲಿರೋ ಮನೇಲಿ ಕಾಲು ಚಾಚಿ ಮಲಗೋದು ಬೇಡ್ವಾ?"

ನನಗೂ ಆ ಮನೆಯ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಒಂದು ಬಚ್ಚಲು, ಅದರಲ್ಲೊಂದು ನಲ್ಲಿ, ತಿರುಗಿಸಿದರೆ ನೀರು. ಅಷ್ಟನ್ನೇ ನೆನೆದು ನಾನು ಎರಡೂವರೆ ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಬುಧವಾರ ಇಂಜಿನಿಯರ್ ಸಾಹೇಬರು ಬಂದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಅವರು ಸೀಟಿಯ ಹಾಗೆ ಬೈಯುವವರಲ್ಲ. ಮಗ್ಗಿ ಹೇಳಿಕೊಡುವ ಮೇಷ್ಟ್ರ ಹಾಗೆ ಮೆಲ್ಲಗೆ ಮಾತಾಡುತ್ತಾರೆ.

"ಮೇಡಂ ಕೇಳ್ತಾರೆ, ಈ ಗೋಡೆ ಕಟ್ಟಿ ಎಷ್ಟು ದಿನ ಆಯ್ತು? ಏನಂತೀಯಮ್ಮ?"

"ಹದಿನೈದು ದಿನ ಸಾರ್."

"ಜೋರಾಗಿ. ನಗ್ತಾ ಹೇಳು."

ನಕ್ಕೆ. ಇನ್ನೊಂದು ಸಲ ಹೇಳಿಸಿದರು, ಇನ್ನೊಂದು ಸಲ ನಗಿಸಿದರು. ನನ್ನ ಗಂಡನ ಹತ್ತಿರವೂ ಹೇಳಿಸಿದರು. ಅವರಿಗೆ ಹೇಳಲು ಬಂತು, ನಗಲು ಬರಲಿಲ್ಲ. ಸೀಟಿ ಹಿಂದಿನಿಂದ ಅವರ ಬೆನ್ನಿಗೆ ತಿವಿದು, "ಹಲ್ಲು ಬಿಡಲೇ, ಹೆಣ ಹೊತ್ತೋನ ಹಂಗೆ ನಿಂತಿದೀಯಲ್ಲ," ಎಂದ. ಜೊತೆಯ ಕೆಲಸದವರೆಲ್ಲ ನೆಲ ನೋಡಿದರು.

"ನೋಡ್ರಪ್ಪ, ನನಗೇನೂ ಇಲ್ಲ ಇದರಲ್ಲಿ," ಎಂದರು ಸಾಹೇಬರು. "ಇವತ್ತು ಇಲ್ಲಿರ್ತೀನಿ, ನಾಳೆ ಬೇರೆ ಊರಿಗೆ ಹೋಗ್ತೀನಿ. ಮನೆ ಬೇಕಿರೋದು ನಿಮಗೆ." ಅದು ನಿಜವಾಗಿತ್ತು, ಅದಕ್ಕೇ ಉರಿ ಹೆಚ್ಚು.

ಹೊರಡುವ ಮುಂಚೆ ಶೆಡ್ಡುಗಳ ಕಡೆ ನೋಡಿ, ಕರ್ಚೀಫು ಮೂಗಿಗೆ ಹಿಡಿದು ಸೀಟಿಗೆ ಏನೋ ಹೇಳಿದರು. ಸಂಜೆಯೊಳಗೆ ಶೆಡ್ಡುಗಳ ಮುಂದೆ ಉದ್ದಕ್ಕೂ ಹಸಿರು ಪರದೆ ಎದ್ದಿತು. ನಾಳೆ ಮೇಡಂ ಹೋಗುವ ತನಕ ಪರದೆಯ ಹಿಂದಿನಿಂದ ಕೆಮ್ಮು ಕೂಡ ಕೇಳಬಾರದು ಎಂದು ಸೀಟಿ ಒಂದೊಂದು ಶೆಡ್ಡಿಗೂ ಹೇಳಿ ಹೋದ.

ಗುರುವಾರ ಹತ್ತು ಗಂಟೆಗೇ ಬಿಸಿಲು ಸುರಿಯುತ್ತಿತ್ತು. ಅವತ್ತು ಬಸ್ ನಿಲ್ದಾಣದ ನಲ್ಲಿಯಲ್ಲಿ ಆ ನೂಲೂ ಬಂದಿರಲಿಲ್ಲ. ಊರಿನ ನೀರನ್ನೆಲ್ಲ ಮೇಡಂ ಬರುವ ದಾರಿಯ ಗಿಡಗಳಿಗೆ ಬಿಟ್ಟಿದ್ದಾರೆ ಎಂದು ಹೆಂಗಸರು ಮಾತಾಡಿಕೊಂಡರು. ಪರದೆಯ ಹಿಂದೆ ಖಾಲಿ ಬಿಂದಿಗೆಗಳು ಸಾಲಾಗಿದ್ದವು, ಮುಂದೆ ತುಂಬಿದ ಟ್ಯಾಂಕರ್ ನಿಂತಿತ್ತು.

ಮೇಡಂ ಬಂದರು. ನನ್ನದೇ ವಯಸ್ಸಿನ ಹೆಂಗಸು, ಕಾಲಿಗೆ ಗಟ್ಟಿ ಬೂಟು, ಕೈಯಲ್ಲಿ ಫೈಲು. ನೇರವಾಗಿ ಗೋಡೆಯ ಹತ್ತಿರ ಬಂದು ಅಂಗೈ ಇಟ್ಟು ನೋಡಿದರು. ಕೈ ಒದ್ದೆಯಾಯಿತು.

"ಚೆನ್ನಾಗಿ ಕ್ಯೂರಿಂಗ್ ಮಾಡ್ತಿದೀರಿ," ಎಂದು ನನ್ನ ಕಡೆ ತಿರುಗಿದರು. "ಎಷ್ಟು ದಿನ ಆಯ್ತಮ್ಮ ಕಟ್ಟಿ?"

"ಹದಿನೈದು ದಿನ ಮೇಡಂ."

ನಗುವುದನ್ನೂ ಮರೆಯಲಿಲ್ಲ. ಸಾಹೇಬರು ತಲೆಯಾಡಿಸಿದರು. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೆ ಪೈಪು ಬಿಡಲಿಲ್ಲ. ಗೋಡೆ ಕುಡಿಯುತ್ತಲೇ ಇತ್ತು.

"ಇಲ್ಲಿದ್ದ ಕುಟುಂಬಗಳು ಎಲ್ಲಿ?"

"ಎಲ್ರಿಗೂ ಬಾಡಿಗೆ ಮನೆ ಮಾಡಿಕೊಟ್ಟಿದೀವಿ ಮೇಡಂ. ನಲ್ಲಿ, ಕರೆಂಟು, ಎಲ್ಲಾ ವ್ಯವಸ್ಥೆ ಇದೆ," ಎಂದರು ಸಾಹೇಬರು.

ಮೇಡಂ ಬರೆದುಕೊಂಡರು. ಬರೆಯುತ್ತಿದ್ದ ಕೈ ನಿಂತಿತು. ಪರದೆಯ ಕಡೆ ಮುಖ ತಿರುಗಿಸಿ ಮೂಗು ಮುಚ್ಚಿಕೊಂಡರು. "ಏನದು ವಾಸನೆ?"

"ಸತ್ತ ನಾಯಿ ಇರ್ಬೇಕು ಮೇಡಂ. ಈಗಲೇ ಎತ್ತಿಸ್ತೀನಿ."

ಪರದೆಯ ಹಿಂದೆ, ಹತ್ತು ಹೆಜ್ಜೆ ದೂರದಲ್ಲಿ, ಅತ್ತೆ ಕೂತಿದ್ದರು. ಅವರ ಕಿವಿ ನನ್ನದಕ್ಕಿಂತ ಚುರುಕು. ಎರಡು ದಿನದಿಂದ ಆ ಕಾಲಿಗೆ ಒಂದು ತೊಟ್ಟು ನೀರು ಬಿದ್ದಿರಲಿಲ್ಲ. ಸೀಟಿಯೋ ಸಾಹೇಬರೋ ಬೈದಿದ್ದರೆ ಅವರು ಎರಡರಷ್ಟು ಬೈಯುತ್ತಿದ್ದರು. ಈಗ ಅಲ್ಲಿಂದ ಒಂದು ಸದ್ದೂ ಬರಲಿಲ್ಲ. ನಮ್ಮ ಮನೆಗೋಸ್ಕರ ಆ ಮುದುಕಿ ಸತ್ತ ನಾಯಿಯಾಗಿಯೂ ಬಾಯಿ ಮುಚ್ಚಿಕೊಂಡು ಕೂತಿದ್ದರು.

ನಾನು ಪೈಪನ್ನು ಗೋಡೆಯಿಂದ ತಿರುಗಿಸಿದೆ. ಅದನ್ನು ಎಳೆದುಕೊಂಡು ಪರದೆಯ ಕಡೆ ನಡೆದೆ. ನೀರು ಸಾಹೇಬರ ಷೂ ಮೇಲೆ ಹಾದುಹೋಯಿತು. ಬೇಕೆಂದೇ ಬಿಟ್ಟದ್ದಲ್ಲ, ಆದರೆ ತಪ್ಪಿಸಲೂ ಇಲ್ಲ.

"ಏಯ್, ಎಲ್ಲಿಗೇ? ಗೋಡೆ ಒಣಗುತ್ತೆ!" ಸೀಟಿ ಓಡಿಬಂದು ಪೈಪು ಹಿಡಿದ. ನನ್ನ ಗಂಡ ಎಲ್ಲಿದ್ದರೋ, ಬಂದು ಅವನ ಕೈ ಹಿಡಿದರು. ಅವರು ಯಾರ ಕೈಯನ್ನೂ ಹಾಗೆ ಹಿಡಿದದ್ದನ್ನು ನಾನು ಕಂಡಿರಲಿಲ್ಲ.

"ಬಿಡಣ್ಣ," ಎಂದರು. ಆಮೇಲೆ ಮೇಡಂ ಕಡೆ ತಿರುಗಿದರು. "ನಾಯಿ ಅಲ್ಲ ಮೇಡಂ. ನಮ್ಮಮ್ಮ." ಗೋಡೆಯ ಕಡೆ ಕೈ ತೋರಿಸಿದರು. "ಈ ಗೋಡೆಗೆ ಎರಡು ವರ್ಷ ಆಯ್ತು. ನಾನೇ ಕಟ್ಟಿದ್ದು. ಸ್ವಲ್ಪ ಹೊತ್ತು ನಿಂತ್ಕೊಳಿ, ಅದೇ ಹೇಳುತ್ತೆ."

ನಾನು ಪರದೆ ಎತ್ತಿ ಒಳಗೆ ಹೋದೆ. ಗಂಟು ಹಾಕಿದ್ದ ದಾರ ಹರಿದು ಪರದೆಯ ಒಂದು ಮಗ್ಗುಲು ಕೆಳಗೆ ಬಿತ್ತು. ಶೆಡ್ಡುಗಳು, ಚಾಪೆಗಳು, ಬಿಂದಿಗೆಗಳು, ಅವುಗಳ ಹಿಂದೆ ನಿಂತ ಹೆಂಗಸರು ಎಲ್ಲರಿಗೂ ಕಂಡರು. ನಾನು ಅತ್ತೆಯ ಮುಂದೆ ನೆಲಕ್ಕೆ ಕೂತು ಅವರ ಕಾಲನ್ನು ಮಡಿಲಿಗೆ ತೆಗೆದುಕೊಂಡು ಬಟ್ಟೆ ಬಿಚ್ಚಿದೆ. ಅತ್ತೆ ಅಳುತ್ತಿದ್ದರು. ಪೈಪಿನ ನೀರನ್ನು ಮೆಲ್ಲಗೆ ಗಾಯದ ಮೇಲೆ ಹರಿಸಿದೆ.

ಹೆಂಗಸರು ಮೊದಲು ಹಿಂಜರಿದರು. ಆಮೇಲೆ ಒಬ್ಬಳು ಬಿಂದಿಗೆ ಎತ್ತಿಕೊಂಡು ಟ್ಯಾಂಕರಿನ ಕಡೆ ನಡೆದಳು, ಅವಳ ಹಿಂದೆ ಇನ್ನೊಬ್ಬಳು. ಸೀಟಿ ಊದುತ್ತಲೇ ಇದ್ದ, ಯಾರೂ ತಿರುಗಿ ನೋಡಲಿಲ್ಲ.

ಗೋಡೆ ಮೇಲಿನ ವರಸೆಯಿಂದ ಬಿಳಿಚಿಕೊಳ್ಳತೊಡಗಿತ್ತು. ಮೇಡಂ ಅದನ್ನೇ ನೋಡುತ್ತ ನಿಂತಿದ್ದರು. ಬಿರುಕುಗಳು ಒಂದೊಂದಾಗಿ ಕಾಣತೊಡಗಿದವು. ಕೊನೆಗೆ ಫೈಲಿನಲ್ಲಿ ಏನೋ ಬರೆದು, ನಮ್ಮ ಕಡೆ ಒಂದು ಸಲ ನೋಡಿ ಕಾರು ಹತ್ತಿದರು. ಏನು ಬರೆದರೋ ನಮಗೆ ಇವತ್ತಿಗೂ ಗೊತ್ತಿಲ್ಲ.

ಕಾರು ಹೋದ ಮೇಲೆ ಸಾಹೇಬರು ಬಂದು ನನ್ನ ಎದುರಿಗೆ ನಿಂತರು. ಈಗ ಮೇಷ್ಟ್ರ ದನಿ ಇರಲಿಲ್ಲ. "ದರಿದ್ರ ಮುಂಡೇವಾ, ನಿಮ್ಮ ಹೊಟ್ಟೆಗೆ ನೀವೇ ಕಲ್ಲು ಹಾಕ್ಕೊಂಡ್ರಲ್ಲೇ. ಹಣ ವಾಪಸ್ ಹೋಗುತ್ತೆ. ಮನೆ ಹೋಯ್ತು ಕಣೇ ನಿಮ್ದು, ಹೋಯ್ತು!"

ಅತ್ತೆ ಸೆರಗಲ್ಲಿ ಮೂಗು ಒರೆಸಿಕೊಂಡು ತಲೆಯೆತ್ತಿದರು.

"ಎಲ್ಲಿತ್ತಪ್ಪಾ, ಹೋಗೋಕೆ?"

ಕೇಳಿ, ಉತ್ತರಕ್ಕೆ ಕಾಯದೆ ಪಾದವನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದರು. "ಇಲ್ಲಿ ಬಿಡೇ. ಬೆರಳ ಸಂದೀಲಿ."

ನಾನು ಬಿಟ್ಟೆ.