ಖಾಲಿ ತೋಳಿನ ಸಂತ

ಒಂದಾನೊಂದು ಊರಿನಲ್ಲಿ ಒಬ್ಬ ಸಂತನಿದ್ದನಂತೆ. ಕಂದು ನಿಲುವಂಗಿ, ನಡುವಿಗೆ ಹಗ್ಗ, ಎಡತೋಳಿನ ಮೇಲೊಂದು ಕೂಸು. ಕಳೆದದ್ದನ್ನು ಹುಡುಕಿಕೊಡುವುದು ಅವನ ಕಾಯಕ. ಉಂಗುರ ಕಳೆದವರು, ಎಮ್ಮೆ ಕಳೆದವರು, ದಾರಿ ಕಳೆದವರು, ಎಲ್ಲರೂ ಅವನ ಬಾಗಿಲಿಗೆ ಬರುತ್ತಿದ್ದರು. ಆದರೆ ಕೂಸಿನೊಡನೆ ಆಟಕ್ಕೆ ಬಿದ್ದನೆಂದರೆ ಹೇಳಿದ ಕೆಲಸ ಮರೆತೇಬಿಡುತ್ತಿದ್ದ. ಹೀಗಿರಲು ಮಗಳನ್ನು ಕಳೆದುಕೊಂಡ ಮುದುಕಿಯೊಬ್ಬಳು ಬಂದಳು. ಒಂಬತ್ತು ಮಂಗಳವಾರ ಮೇಣಬತ್ತಿ ಹಚ್ಚಿದಳು. ಹತ್ತನೆಯ ಮಂಗಳವಾರ ಸಂತನ ತೋಳಿನಿಂದ ಕೂಸನ್ನೇ ಎತ್ತಿಕೊಂಡು ಹೇಳಿದಳು: “ನನ್ನ ಕೂಸನ್ನ ಹುಡುಕಿಕೊಡು, ನಿನ್ನ ಕೂಸನ್ನ ತಗೊಂಡು ಹೋಗು.”

ಈ ಕತೆ ಹೇಳಿ ನನ್ನನ್ನು ಮಲಗಿಸುತ್ತಿದ್ದವಳು ನನ್ನ ಆಯಿ, ಗೌರವ್ವ. ಕತೆಯ ಮುದುಕಿ ಅವಳೇ. ಕಳೆದುಹೋದ ಮಗಳು ನನ್ನ ಅವ್ವ, ಲಕ್ಷ್ಮೀ. ಅಪ್ಪ ತೀರಿಕೊಂಡ ಮರುವರ್ಷ, ನನಗೆ ನಾಲ್ಕು ತುಂಬಿದ್ದಾಗ, ಗೋಕಾಕದ ಸಂತೆಗೆ ಹೋದವಳು ತಿರುಗಿ ಬರಲಿಲ್ಲ. ಆಗ ನಾವಿದ್ದದ್ದು ಅದೇ ಊರಿನಲ್ಲಿ. ಬಾಜೂ ಮನೆಯ ರೋಜಾಬಾಯಿ ಕ್ರೈಸ್ತರವಳು. ಸಂತ ಅಂತೋಣಿಯ ಮೂರ್ತಿ ಅವಳ ಮನೆಯದು. ಬೇಡಿದ್ದು ಸಿಗುವ ತನಕ ಕೂಸನ್ನು ಒತ್ತೆ ಇಟ್ಟುಕೊಳ್ಳುವ ರೂಢಿ ಅವಳ ತಾಯಿಯ ಕಡೆಯಿಂದ ಬಂದದ್ದಂತೆ. ಸಿಕ್ಕ ಮೇಲೆ ಮಾತ್ರ, ಒಯ್ದವರೇ ತಮ್ಮ ಕೈಯಾರೆ ತಂದು ಕೂಡಿಸಬೇಕು.

ನಾವು ಮಸಗುಪ್ಪಿಗೆ ಬಂದ ಮೇಲೆ ಬೆರಳುದ್ದದ ಆ ಕಟ್ಟಿಗೆಯ ಕೂಸು ನಮ್ಮ ದೇವರ ಜಗಲಿ ಏರಿ, ಬಸವಣ್ಣನ ಪಟದ ಪಕ್ಕ ಕೂತಿತು. ವಿಭೂತಿ ಇಲ್ಲದ ದೇವರು ಆಯಿಗೆ ಗೊತ್ತಿಲ್ಲ. ದಿನಾ ಅದರ ಪುಟ್ಟ ಹಣೆಗೂ ಬೆರಳು ಎಳೆದಳು. ಎಳೆದೆಳೆದು ಕೂಸಿನ ಮೂಗು ಮುಚ್ಚಿಹೋಯಿತು.

“ಇದ್ಯಾವ ದೇವರ, ಗೌರವ್ವಾ?” ಎಂದು ಓಣಿಯ ಯಲ್ಲವ್ವ ಒಮ್ಮೆ ಕೇಳಿದ್ದಳು.

“ಕೂಸಪ್ಪ.”

“ಯಾವ ಊರಾಂವ?”

“ದೂರದಾಂವ. ಪ್ರಸಾದ ತಗೊಂಡ ಸುಮ್ನ ಹೋಗ.”

ಮಂಗಳವಾರ ನಾನು ಒಪ್ಪತ್ತು ಇರುತ್ತಿದ್ದೆ. ಸಂಜೆ ಕೂಸಪ್ಪನ ಮುಂದೆ ದೀಪ ಹಚ್ಚಿ, ಅವ್ವನನ್ನು ಹುಡುಕಲು ಹೋದ ಸಂತ ಈಗ ಎಲ್ಲಿರಬಹುದು ಎಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಮೊದಲು ಅವನು ಒಂದು ಗುಡ್ಡ ದಾಟಿದರೆ ಸಾಕಿತ್ತು. ನನಗೆ ಹದಿನಾಲ್ಕಾದ ವರ್ಷ ಏಕೋ ಆಯಿಯ ಕತೆ ಉದ್ದವಾಯಿತು. ಗುಡ್ಡ ಏಳಾದವು, ನಡುವೆ ನದಿ ಬಂತು, ದೋಣಿ ಒಡೆಯಿತು. ನಾನು ಒಂದನ್ನೂ ಅನುಮಾನಿಸಲಿಲ್ಲ. ಸಂತನ ಕಾಲಿನ ಬೊಕ್ಕೆಗೆ ಕನಸಿನಲ್ಲಿ ಅರಿಶಿಣ ಹಚ್ಚಿದೆ.

ಈ ವರ್ಷ ಮೂಡಲಗಿಯ ಸೋಮಶೇಖರನ ಜೊತೆ ನನ್ನ ಮದುವೆ ಗೊತ್ತಾಯಿತು. ನನಗೆ ಬೇಕಾದದ್ದು ಒಂದೇ: ಅಕ್ಷತೆ ಬೀಳುವಾಗ ಒಂದು ಮುಷ್ಟಿ ಅವ್ವನದಿರಬೇಕು. ಕೂಸಿನ ಮುಂದೆ ಇಪ್ಪತ್ತು ವರ್ಷ ಬೇಡಿಯಾಗಿದೆ, ಇನ್ನು ಸಂತನಿಗೇ ಎದುರು ನಿಂತು ಕೇಳುತ್ತೇನೆ ಎಂದುಕೊಂಡೆ.

“ಆಯಿ, ಮಂಗಳವಾರ ಗೋಕಾಕಕ್ಕ ಹೊಂಟೇನಿ. ರೋಜಾ ಮಾವಶಿ ಮನಿಗೆ.”

ರೊಟ್ಟಿ ಬಡಿಯುತ್ತಿದ್ದ ಆಯಿಯ ಕೈ ನಿಂತಿತು. “ಯಾಕ? ಅಕಿ ಮನಿ ಬಿಟ್ಟಿರಬೇಕ.”

“ಇದ್ದಾಳಂತ. ಕೇಳೇನಿ.”

“ಮದಿವಿ ಹುಡುಗಿ ಹಂಗೆಲ್ಲಾ ತಿರಗಬಾರದು.”

“ಜವಳಿ ತರಾಕ ಮೂರ ಸಲ ತಿರಿಗಿಸಿದಿ. ಆವಾಗ ನಾ ಮದಿವಿ ಹುಡುಗಿ ಇರಲಿಲ್ಲೇನ?”

ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ರೋಜಾಬಾಯಿಯ ಮನೆಯಲ್ಲಿ ಸಂತ ಗೋಡೆಗೂಡಿನೊಳಗಿದ್ದ. ನಾನು ಕನಸಿನಲ್ಲಿ ಕಂಡದ್ದಕ್ಕಿಂತ ಬಹಳ ಸಣ್ಣವ. ಎಡತೋಳು ಖಾಲಿ. ಅಂಗೈ ಮೇಲೊಂದು ಮೊಳೆಯಂಥ ಕಡ್ಡಿ ಮಾತ್ರ ಎದ್ದು ನಿಂತಿತ್ತು. ನಾನು ಹೆಸರು ಹೇಳುತ್ತಲೇ ರೋಜಾಬಾಯಿ ನನ್ನ ಚೀಲದ ಕಡೆ ನೋಡಿದಳು.

“ಅಂತೂ ತಂದ್ಯಾ ನನ್ನ ಕೂಸನ್ನ?”

“ಇನ್ನೂ ಇಲ್ಲ ಮಾವಶಿ. ಅವ್ವ ಸಿಗಲಿ.”

“ಸಿಗಲಿ ಅಂದ್ರ?” ಅವಳು ಚಷ್ಮಾ ಏರಿಸಿಕೊಂಡಳು. “ಸಿಕ್ಕ ಹತ್ತ ವರ್ಷ ಆತಲ್ಲ! ಹುಕ್ಕೇರ್ಯಾಗ ಅದಾಳಂತ ನಿಮ್ಮ ಆಯೀನ ಬಂದ ಹೇಳಿ ಹೋಗ್ಯಾಳ. ಇಲ್ಲೇ ಕುಂತ ಗಳಗಳ ಅತ್ತಳು. ಬರೋ ಮಂಗಳವಾರ ಕೂಸ ತರತೇನಿ ಅಂದ್ಲು. ಆ ಮಂಗಳವಾರ ಇನ್ನೂ ಬರವಲ್ದು.”

ನಾನು ತಂದಿದ್ದ ಮೇಣಬತ್ತಿ ಹಚ್ಚಲಿಲ್ಲ. ರೋಜಾಬಾಯಿ ನನ್ನ ಮುಖ ನೋಡಿ ನೀರು ತಂದುಕೊಟ್ಟಳು.

“ನಿನಗ ಗೊತ್ತಿರಲಿಲ್ಲೇನ ಮಗಳ?”

ಮನೆಗೆ ಬಂದಾಗ ಆಯಿ ಜಗಲಿಯ ಮುಂದೆ ಕೂತಿದ್ದಳು. ಅವಳಿಗೆ ಗೊತ್ತಾಗಿತ್ತು.

“ಹತ್ತ ವರ್ಷ, ಆಯಿ.”

“ಕುಂಡ್ರ. ಹೇಳತೇನಿ.”

“ಹತ್ತ ವರ್ಷ ನನ್ನ ಒಪ್ಪತ್ತ ಇರಿಸಿದಿ! ದೋಣಿ ಒಡಿಸಿದಿ! ಏಳ ಗುಡ್ಡ ಹತ್ತಿಸಿದಿ ಅವನ್ನ!”

ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಅಕಿ ಇನ್ನೊಂದ ಮದಿವಿ ಆಗ್ಯಾಳ. ಮಕ್ಕಳಾಗ್ಯಾವ. ನಿನ್ನ ಸುದ್ದಿ ಗಂಡಗ ಹೇಳೇ ಇಲ್ಲಂತ. ‘ನಾ ಸತ್ತೇನಿ ಅಂತ ಹೇಳ ಅಕಿಗೆ’ ಅಂದ್ಲು. ಹಡದ ಮಗಳ ಸತ್ತಾಳಂತ ನನ್ನ ಬಾಯಿಗೆ ಬರಲಿಲ್ಲ, ದಾಕ್ಷಿ. ಬ್ಯಾಡ ಅಂದಾಳಂತ ನಿನಗ ಹೇಳಾಕೂ ಆಗಲಿಲ್ಲ. ಕಳದಾಳ ಅಂತನ ಇಟ್ಟೆ. ಕೂಸ ತಿರುಗಿ ಕೊಟ್ಟಿದ್ರ ನೀ ಕೇಳತಿದ್ದಿ.”

“ಎಲ್ಲಿ ಅದಾಳ?”

“ಹೋಗಬ್ಯಾಡ.”

“ಎಲ್ಲಿ?”

“ಬಸ್‌ಸ್ಟ್ಯಾಂಡ ಹಿಂದ. ಹಿಟ್ಟಿನ ಗಿರಣಿ ಬಾಜೂ.”

ಏಳು ಗುಡ್ಡವಲ್ಲ, ಎರಡು ಬಸ್ಸು. ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಹುಕ್ಕೇರಿಯಲ್ಲಿದ್ದೆ. ಗಿರಣಿಯ ಪಕ್ಕದ ಮನೆಯ ಹೊಸ್ತಿಲಲ್ಲಿ ಒಬ್ಬಳು ಜೋಳ ಕೇರುತ್ತಿದ್ದಳು. ನನ್ನದೇ ಗದ್ದ.

“ಯಾರ ಬೇಕಾಗಿತ್ರಿ?” ಎಂದಳು.

“ನಾನು ದಾಕ್ಷಿ.”

ಮೊರ ಅವಳ ತೊಡೆಯ ಮೇಲೆ ಇಳಿಯಿತು. ಅವಳ ಕಣ್ಣು ನನ್ನ ಮುಖದಿಂದ ಕಾಲಿನ ತನಕ ಹೋಗಿ, ಮತ್ತೆ ಮೇಲೆ ಬಂತು. ಅಷ್ಟರಲ್ಲಿ ಒಳಗಿನಿಂದ ಒಬ್ಬ ಹುಡುಗಿ ಕೂಗಿದಳು: “ಅವ್ವಾ, ಯಾರು ಬಂದಾರ?”

“ಯಾರಿಲ್ಲವಾ. ದಾರಿ ಕೇಳಾಕ ಬಂದಾರ.” ಆಮೇಲೆ ನನ್ನ ಕಡೆ ತಿರುಗಿ, ಒಳಗೆ ಕೇಳುವಂತೆ, “ಬಸ್‌ಸ್ಟ್ಯಾಂಡ ಆ ಕಡೆ ಐತ್ರಿ” ಎಂದಳು. ತೋರಿಸುವ ಕೈಯಿಂದ ಜೋಳದ ಕಾಳು ಉದುರುತ್ತಿದ್ದವು.

ಇಪ್ಪತ್ತು ವರ್ಷ ಈ ಭೇಟಿಗೆ ಎಷ್ಟೊಂದು ಮಾತು ಕೂಡಿಟ್ಟಿದ್ದೆ. ಬಾಯಿಗೆ ಬಂದದ್ದು “ಹೌದ್ರಿ” ಎಂಬುದೊಂದೇ. ಅವಳು ತೋರಿಸಿದ ದಾರಿಯಲ್ಲೇ ನಡೆದು ಬಂದೆ.

ಬಸ್ಸಿನಲ್ಲಿ ಅಳು ಬರಲಿಲ್ಲ, ಸಿಟ್ಟು ಬಂತು. ಅವ್ವನ ಮೇಲಿನದಕ್ಕಿಂತ ಆಯಿಯ ಮೇಲೆ ಹೆಚ್ಚು. ಅವ್ವ ನನಗೆ ಏನನ್ನೂ ಹೇಳಿರಲಿಲ್ಲ. ಆಯಿ ಕತೆ ಹೇಳಿದ್ದಳು, ನಾನು ಅದರೊಳಗೆ ಮನೆ ಕಟ್ಟಿಕೊಂಡಿದ್ದೆ. ಇನ್ನು ಆ ಸಂತ! ಅವನು ಪಾಪ, ಹೇಳಿದ ಕೆಲಸ ಮುಗಿಸಿ ಹತ್ತು ವರ್ಷದಿಂದ ತೋಳು ಚಾಚಿಕೊಂಡು ನಿಂತಿದ್ದಾನೆ.

ಮುಂದಿನ ಮಂಗಳವಾರ ಜಗಲಿಯಿಂದ ಕೂಸಪ್ಪನನ್ನು ತೆಗೆದು ಆಯಿಯ ಮುಂದೆ ಹಿಡಿದೆ.

“ನೀನ ಒಯ್ದ ಕೊಡವಾ. ನನ್ನ ಮೊಣಕಾಲ—”

“ತಗೊಂಡಾಕಿ ನೀನು. ಇಡಾಕಿನೂ ನೀನು. ಏಳ.”

ಬಸ್ಸಿನಲ್ಲಿ ಆಯಿ ಕೂಸನ್ನು ಉಡಿಯಲ್ಲಿ ಕಟ್ಟಿಕೊಂಡು ಕಿಟಕಿಯ ಬದಿ ಕೂತಳು. ಗೋಕಾಕ ಬರುವ ತನಕ ಒಮ್ಮೆ ಮಾತ್ರ ಅವಳು, “ನೀರ ಕುಡಿತೀ?” ಎಂದಳು. ನಾನು ಕುಡಿಯಲಿಲ್ಲ.

ರೋಜಾಬಾಯಿ ಬಾಗಿಲಲ್ಲೇ ನಿಂತಿದ್ದಳು. “ಬಂತೇನ ಗೌರವ್ವಾ ನಿನ್ನ ಮಂಗಳವಾರ?” ಎಂದವಳು, ಕೂಸನ್ನು ಕಂಡು ಬಾಯಿಯ ಮೇಲೆ ಕೈ ಇಟ್ಟಳು. “ಅಯ್ಯ, ನನ್ನ ಬಾಲಯೇಸುಗ ಲಿಂಗದೀಕ್ಷಾ ಕೊಟ್ಟಬಿಟ್ಟೀಯಲ್ಲ!”

ಯಾರೂ ನಗಲಿಲ್ಲ. ಆಮೇಲೆ ಅವಳೇ, “ಇರಲಿ ಬಿಡ, ಅಷ್ಟ ವರ್ಷ ನಿಮ್ಮ ಮನ್ಯಾಗ ಉಂಡೈತಿ” ಎಂದಳು.

ಆಯಿ ಗೂಡಿನ ಮುಂದೆ ನಿಂತು ಕೂಸನ್ನು ಸಂತನ ಅಂಗೈ ಮೇಲಿಟ್ಟಳು. ಅದು ವಾಲಿತು. ಮತ್ತೆ ಇಟ್ಟಳು, ಮತ್ತೆ ವಾಲಿತು. “ಒಲ್ಲೆ ಅಂತಾನ ನನ್ನ ಕೈಯಿಂದ,” ಎಂದಳು.

ಕೂಸನ್ನು ಇಸಿದುಕೊಂಡು ತಿರುಗಿಸಿ ನೋಡಿದೆ. ಕಡ್ಡಿ ಕೂರಬೇಕಾದ ತೂತಿನ ತುಂಬ ವಿಭೂತಿ ಗಟ್ಟಿಯಾಗಿತ್ತು. ತಲೆಯ ಪಿನ್ನು ತೆಗೆದು ಕೆದರಿದೆ. ಬಿಳಿಯ ಪುಡಿ ನನ್ನ ಸೀರೆಯ ಮೇಲೆ ಉದುರಿತು. ಸುಮಾರು ಹೊತ್ತು ಹಿಡಿಯಿತು. ಆಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತೂತನ್ನು ನೋಡುತ್ತಿದ್ದೆ.

“ಹಿಡಿ,” ಎಂದು ಅವಳ ಕೈಗೇ ಕೊಟ್ಟೆ.

ಈ ಸಲ ಕೂಸು ಸಂತನ ತೋಳಿನ ಮೇಲೆ ಕೂತಿತು, ವಾಲಲಿಲ್ಲ.