ಹನ್ನೊಂದು ಟಾರ್ಪಾಲು

ನನ್ನ ಹೊಲಿಗೆಗೆ ಯಾರಾದರೂ ಕತ್ತರಿ ಹಾಕಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹುಳಿಯಾರಿನಲ್ಲಿ ಲಾರಿಗೆ ಟಾರ್ಪಾಲು ಹೊಲಿಯುವ ಹೆಂಗಸು ಈ ಶಾಹಿದಾ ಬೇಗಂ ಒಬ್ಬಳೇ. ಆದರೆ ೨೦೦೬ರಲ್ಲಿ ಒಂದು ದಿನ, ನನ್ನ ಹೊಲಿಗೆ ಬಿಚ್ಚಿ ಅಂತ ನಾನೇ ಜಗಳ ಮಾಡಿದೆ.

ನನ್ನ ತಮ್ಮ ಇಮ್ದಾದ್ ಅದಿರು ಲಾರಿಯ ಡ್ರೈವರ್. ಮಾಲೀಕ ಸದಾಶಿವಯ್ಯನಿಗೆ ಹನ್ನೆರಡು ಲಾರಿ, ಪರವಾನಗಿ ಇರುವ ಒಂದು ಗಣಿ. ಅದು ಸಾಲದೆ ಕಂದಿಕೆರೆ ಕಡೆಯ ಅರಣ್ಯದ ಗುಡ್ಡವನ್ನೂ ಕದ್ದು ಅಗೆಸುತ್ತಿದ್ದ. ಹೇಳಿದಲ್ಲಿ ತುಂಬಿಕೊಂಡು ಬರುತ್ತಿದ್ದ ನನ್ನ ತಮ್ಮ ಆ ಗುಡ್ಡದ ಅದಿರಿನೊಂದಿಗೆ ಸಿಕ್ಕಿಬಿದ್ದ. "ಇವನೊಬ್ಬನೇ ಕಳ್ಳ. ನನ್ನ ಮಿಕ್ಕ ಲಾರಿ ಬೇಕಾದ್ರೆ ನೋಡ್ಕಳಿ" ಎಂದುಬಿಟ್ಟ ಸದಾಶಿವಯ್ಯ. ಪೊಲೀಸರು ಹೋಗುವಷ್ಟರಲ್ಲಿ ಆ ಹನ್ನೊಂದನ್ನೂ ತೊಳೆಸಿ ಮದುವೆ ಗಾಡಿಯಂತೆ ಥಳಥಳ ಮಾಡಿ ನಿಲ್ಲಿಸಿದ್ದ. ಇಮ್ದಾದ್ ಜೈಲು ಸೇರಿದ.

ಪೊಲೀಸರು ತಪಾಸಣೆಗೆಂದು ತಂದ ಲಾರಿಗಳೆಲ್ಲ ಚಿಕ್ಕನಾಯಕನಹಳ್ಳಿ ಠಾಣೆಯ ಮೈದಾನದಲ್ಲಿದ್ದವು. ಮಣ್ಣು ನೋಡಿಯೇ ಅದು ಯಾವ ಜಾಗದ್ದೆಂದು ಹೇಳುವ ಭೂವಿಜ್ಞಾನಿ ಮಂಜುಶ್ರೀ ಮೇಡಂ ಬಂದಿದ್ದಾರೆಂದು ಕೇಳಿ ಓಡಿದೆ. ಅವರು ಚಕ್ರ, ತೊಟ್ಟಿ ಎಲ್ಲ ಕೆರೆದು ಸೋತು ನಿಂತಿದ್ದರು.

"ಇವರ ಗಣಿ ಅದಿರು ಕೆಂಪು. ಆ ಗುಡ್ಡದ್ದು ಕಪ್ಪು, ಮ್ಯಾಂಗನೀಸ್ ಜಾಸ್ತಿ. ಒಂದು ಚಿಟಿಕೆ ಸಿಕ್ಕಿದ್ರೂ ಸಾಕಿತ್ತಮ್ಮ" ಎಂದರು.

"ಚಿಟಿಕೆ ಯಾಕ್ರೀ, ಬೊಗಸೆ ತುಂಬ ಸಿಗ್ತದೆ! ಟಾರ್ಪಾಲಿನ ಅಂಚು ಬಿಚ್ಚಿ ನೋಡಿ."

ಅಂಚನ್ನು ನಾವು ಎರಡು ಮಡಿಕೆ ಮಾಡಿ ಹೊಲಿಯುತ್ತೇವೆ. ಸೂಜಿಯ ತೂತಿನಿಂದ ಧೂಳು ಮಡಿಕೆಯೊಳಗೆ ಇಳಿಯುತ್ತದೆ. ಮೇಲೆ ಎಷ್ಟು ನೀರು ಹೊಯ್ದರೂ ಒಳಗೇ ಕೆಸರಾಗಿ ಅಂಟಿಕೊಳ್ಳುತ್ತದೆ. ರಿಪೇರಿಗೆ ಬಂದದ್ದನ್ನು ಬಿಚ್ಚಿದಾಗಲೆಲ್ಲ ನನ್ನ ಮಡಿಲು ಹಾಳಾಗುತ್ತದಲ್ಲ, ನನಗೆ ಗೊತ್ತಿಲ್ಲವೇ?

"ಯಾವ್ದೋ ಹಳೇ ಧೂಳು ಅಂದ್ಬಿಟ್ರೆ?" ಮೇಡಂ ಕೇಳಿದರು.

"ಹೋದ ಯುಗಾದೀಲಿ ಹೊಸ ಟಾರ್ಪಾಲು ಬಟ್ಟೆ ತಂದು ಇವರ ಹನ್ನೆರಡನ್ನೂ ನಾನೇ ಹೊಲ್ದಿದೀನಿ ಕಣ್ರೀ. ಉಳ್ದ ತುಂಡು ಅಂಗಡೀಲಿ ಐತೆ, ಹೋಲಿಸ್ಕಳಿ."

ಅಲ್ಲೇ ನಿಂತಿದ್ದ ಸದಾಶಿವಯ್ಯ ನಕ್ಕ. "ತಮ್ಮನ್ನ ಉಳಿಸ್ಕಳ್ಳಾಕೆ ಏನೋ ಒದರ್ತಾಳೆ, ಬುಡಿ ಮೇಡಂ."

ನಾನು ಕತ್ತರಿ ತೆಗೆದೆ. "ನೀವು ಮುಟ್ಬೇಡಿ, ಜಾಗ ತೋರ್ಸಿ ಸಾಕು" ಎಂದು ಮೇಡಂ ತಡೆದರು. ಸಾಕ್ಷಿಗಳನ್ನು ಕರೆಸಿ, ಬಿಳಿ ಕಾಗದ ಹಾಸಿ, ತಾವೇ ಮೊದಲ ಅಂಚು ಬಿಚ್ಚಿದರು. ಕೆಂಪು ಪುಡಿ ಉದುರಿತು. ಬರೀ ಕೆಂಪು. ಸದಾಶಿವಯ್ಯ ಮೀಸೆ ನೀವಿಕೊಂಡ. ಯಾ ಅಲ್ಲಾ, ನಾನೇ ನನ್ನ ತಮ್ಮನ ಕೇಸು ಕೆಡಿಸಿದೆನೇ?

ಎರಡನೆಯದನ್ನು ಬಿಚ್ಚಿದರು. ಕಪ್ಪು! ಮೂರನೆಯದು ಕಪ್ಪು, ನಾಲ್ಕನೆಯದೂ ಕಪ್ಪು. ಹನ್ನೊಂದರಲ್ಲಿ ಹತ್ತು ಅಂಚು ಆ ಗುಡ್ಡದ ಕಪ್ಪನ್ನು ಕಾಗದದ ಮೇಲೆ ಸುರಿದವು. ಸದಾಶಿವಯ್ಯನ ಮುಖ ಇಂಗು ತಿಂದ ಮಂಗನಂತಾಯಿತು. "ನಗ್ರೀ ಯಜಮಾನ್ರೇ, ಈಗ ನಗ್ರೀ!" ಎಂದು ಕೂಗಿಯೇಬಿಟ್ಟೆ. ಪೊಲೀಸರು ಗದರಿದರು. ಗದರಲಿ.

ಕಣ್ಣಿಗೆ ಕಂಡ ಬಣ್ಣ ಕೋರ್ಟಿಗೆ ಸಾಲದಂತೆ. ಮೇಡಂ ಪೊಟ್ಟಣಗಳಿಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕೊಂಡೊಯ್ದರು. ಗುಡ್ಡದ ಮಣ್ಣು, ಅಂಚಿನ ಧೂಳು ಎರಡೂ ಒಂದೇ ಎಂದು ತಿಂಗಳ ಮೇಲೆ ವರದಿ ಬಂತು. ಒಬ್ಬ ಡ್ರೈವರ್ ಹತ್ತು ಲಾರಿ ಓಡಿಸಿ ಕದಿಯಲು ಆಗುತ್ತದೆಯೇ? ಸದಾಶಿವಯ್ಯನನ್ನು ಮನೆಯಿಂದಲೇ ಎತ್ತಿಕೊಂಡು ಹೋದರು. ನನ್ನ ತಮ್ಮನನ್ನು ಬಿಟ್ಟರು.

ಜೈಲಿನ ಬಾಗಿಲಲ್ಲಿ ಇಮ್ದಾದ್ ತಲೆ ತಗ್ಗಿಸಿಕೊಂಡು, "ಆಪಾ, ನಾನು ಕಳ್ಳ ಅಲ್ಲಾಂತ ನಿಂಗೆ ಗೊತ್ತಿತ್ತಲ್ವಾ?" ಎಂದ.

"ನಂಗೊಬ್ಬಳಿಗೆ ಗೊತ್ತಿದ್ದು ಯಾರಿಗೆ ಬೇಕಿತ್ತೋ? ನಡಿ."

ಹುಳಿಯಾರಿನಲ್ಲಿ ಬಸ್ಸಿಳಿದಾಗ ಸಂತೆ ಜೋರಾಗಿತ್ತು. ಹಿಂದಿನ ಗಲ್ಲಿಯಲ್ಲಿ ಹೋಗೋಣ ಎಂದ. ನಾನು ಅವನ ಕೈ ಹಿಡಿದು ಪೇಟೆ ಬೀದಿಯ ನಟ್ಟನಡುವೆ ಕರೆದುಕೊಂಡು ಹೋದೆ.