ಬಿಸಿಲಿಗಿಟ್ಟ ಪೆಟ್ಟಿಗೆ

"ಕೋಣ ಹೊಕ್ಕದ ಏನ್ರೀ ಅಂಗಡ್ಯಾಗ?" ಎಂದು ಎದುರಿನ ಚಹಾದಂಗಡಿಯವನು ಕೈಯಲ್ಲಿದ್ದ ಸೋಸುವ ಬಟ್ಟೆ ಸಮೇತ ಓಡಿ ಬಂದ.

ಒಳಗೆ ಕೋಣ ಇರಲಿಲ್ಲ. ರಾಯಚೂರಿನ ತೀನ್ ಕಂದಿಲ್ ಹತ್ತಿರ ಗುಲಾಮ್ ದಸ್ತಗೀರ್ ಸಾಹೇಬರ ಮೈಕ್ ಸೆಟ್ಟಿನ ಅಂಗಡಿಯಲ್ಲಿ, ಒಂದರ ಮೇಲೊಂದು ಪೇರಿಸಿದ ಸ್ಪೀಕರುಗಳ ನಡುವೆ, ಕಟ್ಟಿಗೆಯ ಪೆಟ್ಟಿಗೆಯೊಂದನ್ನು ಮುಂದಿಟ್ಟುಕೊಂಡು ಇಬ್ಬರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಬ್ಬ ಮೂಕಪ್ಪ, ಇನ್ನೊಬ್ಬ ಹುಸೇನಪೀರ. ಇಬ್ಬರೂ ಸಾಹೇಬರ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವರು. ಹಗಲು ಮೂಕಪ್ಪ ಪ್ರೈಮರಿ ಶಾಲೆಯ ಮಾಸ್ತರ, ಹುಸೇನಪೀರ ಟೇಲರು. ಮೂಕಪ್ಪ ಪೆಟ್ಟಿಗೆಯ ಒಂದು ಗುಂಡಿಯನ್ನು ತುಸು ತಿರುಗಿಸಿ ಮತ್ತೆ ಸ್ವರದ ಮನೆಯೊಂದನ್ನು ಒತ್ತಿದ. ಈ ಸಲ ಕೋಣ ಹೋಗಿ ಕೃಷ್ಣಾ ಸೇತುವೆ ಮೇಲೆ ಗೂಡ್ಸ್ ಗಾಡಿ ಹೊರಟಿತು. ಚಹಾದವನು ಬಾಯಿ ತೆರೆದವನು ಮುಚ್ಚಲೇ ಇಲ್ಲ.

ಎಂಬತ್ಮೂರರ ಏಪ್ರಿಲ್ ಅದು. ಹೈದರಾಬಾದಿನ ಯಾವುದೋ ಹೋಟೆಲಿನ ಬ್ಯಾಂಡಿನವರು ಹೊಸ ವಾದ್ಯ ತಂದುಕೊಂಡು, ಈ ಹಳೆಯ ಸಿಂಥಸೈಜರ್ ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದ್ದರು. ಸಾಹೇಬರು ಅದನ್ನು ಗೋಣಿಚೀಲದಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದರು. ಪರವಾಗಿಲ್ಲ ಎನಿಸಿದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ತಿರುಗಿ ಕಳಿಸುವುದು ಎಂದು ಮಾತಾಗಿತ್ತು. ಕೆಳಗೆ ಹಾರ್ಮೋನಿಯಮ್ಮಿನಂಥ ಮನೆಗಳು, ಮೇಲೆ ಸಾಲು ಸಾಲು ತಿರುಗಿಸುವ ಗುಂಡಿಗಳು. ಗುಂಡಿಯ ಸುತ್ತ ಬರೆದದ್ದೆಲ್ಲ ಉಜ್ಜಿ ಹೋಗಿತ್ತು. ಯಾವ ಗುಂಡಿ ಏನು ಮಾಡುತ್ತದೆಂದು ಬಲ್ಲವರು ಹೈದರಾಬಾದಿನಲ್ಲೇ ಉಳಿದಿದ್ದರು.

ಮೊದಲು ಅದನ್ನು ಮುಟ್ಟಿದವರು ಆರ್ಕೆಸ್ಟ್ರಾ ಪಾರ್ಟಿಯ ಹಿರಿಯರು, ಹಾರ್ಮೋನಿಯಂ ಶರಣಯ್ಯನವರು. ಸಾ, ಗಾ, ಪಾ ಮೂರನ್ನೂ ಒಟ್ಟಿಗೆ ಒತ್ತಿದರು. ಒಂದೇ ಸ್ವರ ಬಂತು. ಇನ್ನೊಮ್ಮೆ ಒತ್ತಿದರು, ಮತ್ತೂ ಒಂದೇ. "ಒಂದ ಹಲ್ಲಿನ ಮುದಿಕಿನ್ನ ತಂದೀರಲ್ಲ ಸಾಹೇಬ್ರ," ಎಂದು ಕೈ ತೆಗೆದರು. ಅದಕ್ಕಿಂತ ದೊಡ್ಡ ತಕರಾರು ಮಧ್ಯಾಹ್ನ ಎದ್ದಿತು. ಮುಂಜಾನೆ ಹಾರ್ಮೋನಿಯಮ್ಮಿಗೆ ಸರಿಯಾಗಿ ಕೂಡಿಸಿಟ್ಟಿದ್ದ ಸ್ವರ, ಬಿಸಿಲೇರಿದ ಹಾಗೆ ತಾನೂ ಏರಿ ಕೂತಿತ್ತು. "ಸ್ವರ ನಿಲ್ಲದ್ದು ವಾದ್ಯ ಅಲ್ಲ," ಎಂದು ಶರಣಯ್ಯನವರು ತೀರ್ಪು ಕೊಟ್ಟು ಚಹಾ ಕುಡಿಯಲು ಹೋದರು.

ಸಾಹೇಬರ ಮುಖ ಸಣ್ಣದಾಯಿತು. "ದೇವದುರ್ಗದ ಜಯಂತಿ ಪ್ರೋಗ್ರಾಮಿನ್ಯಾಗ ಒಂದ ಸರ್ತಿ ನೋಡೋಣು. ಅಲ್ಲಿ ಇಜ್ಜತ್ ಉಳಿಸಿದ್ರ ಇಲ್ಲೇ ಇರ್ತದ. ಇಲ್ಲಂದ್ರ ಮರುದಿನ ಹೈದರಾಬಾದ್ ಬಸ್ಸಿಗೆ ವಾಪಸ್," ಎಂದರು.

ಹೀಗೆ ಹಾರ್ಮೋನಿಯಂನವರು ಬಿಟ್ಟ ಪೆಟ್ಟಿಗೆ ಗಿಟಾರಿನವರ ಪಾಲಾಯಿತು. ಸ್ವರ ಜಾರಿದರೆ ಅವರಿಗೇನು? ಹಾಡಿಗೊಮ್ಮೆ ತಂತಿ ಬಿಗಿಯುವುದು, ಸಡಿಲಿಸುವುದು ಅವರ ದಿನದ ಪಾಡು. ಜಾರಿದಾಗೆಲ್ಲ ಮೂಕಪ್ಪ ಒಂದು ಗುಂಡಿಯನ್ನು ಗಿಟಾರಿನ ಕಿವಿ ಹಿಂಡಿದಂತೆ ಹಿಂಡಿ ದಾರಿಗೆ ತರುತ್ತಿದ್ದ. ಮಗ್ಗುಲಲ್ಲಿದ್ದ ಸಣ್ಣ ಗಾಲಿಯನ್ನು ಹೆಬ್ಬೆರಳಿನಿಂದ ನೂಕಿದರೆ ತಂತಿ ಎಳೆದಂತೆ ಸ್ವರ ಬಳುಕುತ್ತಿತ್ತು. ಅದನ್ನು ಕಂಡುಹಿಡಿದ ದಿನ ಹುಸೇನಪೀರ, "ಯಾ ಅಲ್ಲಾ, ಇದು ನಮ್ಮದಾ ಜಾತಿ ಅದಲೇ!" ಎಂದು ಪೆಟ್ಟಿಗೆಗೆ ಮುತ್ತು ಕೊಟ್ಟ. ಶಾಲೆ ಬಿಟ್ಟೊಡನೆ ಮೂಕಪ್ಪ ಬರುವುದು, ಹೊಲಿಗೆ ಬಿಟ್ಟು ಹುಸೇನಪೀರ ಬರುವುದು. ಮಳೆಗಾಲದ ಕಪ್ಪೆ, ಪಂಪ್‌ಸೆಟ್ಟು, ನೆಗಡಿಯಾದ ಹೆಡ್‌ಮಾಸ್ತರ, ಎಲ್ಲವೂ ಅದರ ಹೊಟ್ಟೆಯಲ್ಲಿದ್ದವು. ಮೂವತ್ತರ ಹತ್ತಿರ ಬಂದ ಇಬ್ಬರು ಗಂಡಸರು ಹೀಗೆ ಆಡುವುದನ್ನು ನೋಡಿ ಚಹಾದವನು ಗ್ಲಾಸು ಒಳಗೇ ಕಳಿಸತೊಡಗಿದ.

ಒಂದು ಸಂಜೆ ಮೂಕಪ್ಪನ ಕೈ ಯಾವ ಗುಂಡಿಯನ್ನು ಎತ್ತ ತಿರುಗಿಸಿತೋ, ಸ್ವರವೆಲ್ಲ ಕರಗಿ ಬರೀ ಗಾಳಿಯ ಸದ್ದು ಉಳಿಯಿತು. ಇನ್ನೊಂದನ್ನು ತಿರುಗಿಸಿ ಆ ಗಾಳಿಯನ್ನು ಗಿಡ್ಡ ಮಾಡಿದ. ಒತ್ತಿದ. ಕೆಳಗಿನ ಮನೆಯಲ್ಲಿ ಧಿಮ್ ಎಂದಿತು, ಮೇಲಿನದರಲ್ಲಿ ಚಳ್ ಎಂದಿತು.

"ಹಲಗಿ!" ಎಂದು ಹುಸೇನಪೀರ ಕುಣಿದ. "ಲೇ, ಹಲಗಿಲೇ ಇದು!"

ಮೂಕಪ್ಪ ನಗಲಿಲ್ಲ. ಕೈ ಮನೆಯ ಮೇಲೇ ಇತ್ತು, ಕಣ್ಣು ತುಂಬಿ ಬಂದಿದ್ದವು.

ಅವನ ಅಪ್ಪ ಅಯ್ಯಣ್ಣ, ಮಸರಕಲ್ಲಿನಲ್ಲಿ ಚರ್ಮದ ಹಲಗೆ ಬಾರಿಸಿ ಹಲಗೆಯ ಅಯ್ಯಣ್ಣನೆಂದೇ ಹೆಸರಾದವನು. ಊರಲ್ಲಿ ಸತ್ತರೂ ಅವನೇ ಬೇಕು, ಮದುವೆಯಾದರೂ ಅವನೇ ಬೇಕು. ಆದರೆ ಚಪ್ಪರದ ಹೊರಗೆ, ನಿಂತುಕೊಂಡೇ. ಹೇಳಿ ಕಳಿಸಿದರೆ ಜ್ವರವಿದ್ದರೂ ಹೋಗಲೇಬೇಕು. ಮೂಕಪ್ಪ ಕಾಲೇಜಿನ ಹಾಸ್ಟೆಲ್ಲಿನಲ್ಲಿದ್ದಾಗ ಕೇರಿಯ ಹುಡುಗರೆಲ್ಲ ಸೇರಿ, ಇನ್ನು ಯಾರ ಮನೆ ಮುಂದೆಯೂ ಹಲಗೆ ಬಾರಿಸುವುದಿಲ್ಲ ಎಂದು ನಿಶ್ಚಯ ಮಾಡಿದರು. ಅಯ್ಯಣ್ಣ ಒಂದು ಮಾತೂ ಎದುರಾಡಲಿಲ್ಲ. "ನನಗೂ ಸಾಕಾಗಿತ್ತಪಾ," ಎಂದು ಹಲಗೆಯನ್ನು ಗೂಟಕ್ಕೆ ಹಾಕಿದ. ಬಿಟ್ಟದ್ದಕ್ಕೆ ಆ ಮನೆಯಲ್ಲಿ ಯಾರೂ ಒಂದು ದಿನವೂ ಮರುಗಲಿಲ್ಲ. ಮರುಗುವಂಥದ್ದು ಅದರಲ್ಲಿ ಏನಿತ್ತು?

ಆದರೆ ಕೈ ಇದ್ದವಲ್ಲ. ಹೆಂಡತಿ ದುರುಗಮ್ಮ ಒಲೆಯ ಮುಂದೆ ರೊಟ್ಟಿ ಬಡಿಯಲು ಕೂತರೆ, ಕಟ್ಟೆಯ ಮೇಲೆ ಕೂತ ಅಯ್ಯಣ್ಣನ ಬೆರಳು ತಾವಾಗಿಯೇ ಕಲ್ಲಿನ ಮೇಲೆ ಆಡತೊಡಗುತ್ತಿದ್ದವು. ಯಾರಾದರೂ ನೋಡಿದರೆ ಸಾಕು, ಕದ್ದು ಸಿಕ್ಕವನ ಹಾಗೆ ಕೈಯನ್ನು ಕಂಕುಳಿಗೆ ಸೇರಿಸಿಕೊಳ್ಳುತ್ತಿದ್ದ. ಮೂಕಪ್ಪನ ಕಣ್ಣಿಗೆ ಅದು ಎಷ್ಟೋ ಸಲ ಬಿದ್ದಿತ್ತು. ಒಮ್ಮೆ ತನ್ನ ಗಿಟಾರ್ ಅಪ್ಪನ ತೊಡೆಯ ಮೇಲಿಟ್ಟು ನೋಡಿದ್ದ. "ಬ್ಯಾಡೋ, ಇದು ನಿಂದು," ಎಂದು ಅಯ್ಯಣ್ಣ ಮೆಲ್ಲಗೆ ತಿರುಗಿಸಿ ಕೊಟ್ಟಿದ್ದ.

"ಇದು ವಾಪಸ್ ಹೋಗಬಾರದು," ಎಂದ ಮೂಕಪ್ಪ. "ನಮ್ಮಪ್ಪ ಒಂದ ಸಲ ಇದನ್ನ ಬಾರಸಬೇಕಲೇ ಪೀರ. ಆಮ್ಯಾಲ ಏನರ ಆಗಲಿ."

"ಹಂಗಂದ್ರ ಜಯಂತ್ಯಾಗ ಇದರ ಸ್ವರ ನಿಲ್ಲಸು," ಎಂದ ಹುಸೇನಪೀರ.

ಅದೇ ಕಷ್ಟದ ಕೆಲಸವಾಯಿತು. ಅಂಬೇಡ್ಕರ್ ಜಯಂತಿಯ ದಿನ ಮೆಟಡೋರಿನಲ್ಲಿ ದೇವದುರ್ಗ ತಲುಪಿದಾಗ ನೆತ್ತಿ ಸುಡುವ ಬಿಸಿಲು. ತಗಡು ಹೊದಿಸಿದ ಸ್ಟೇಜು ಪಶ್ಚಿಮಕ್ಕೆ ಮುಖ ಮಾಡಿತ್ತು. ಸಂಜೆ ಕಾರ್ಯಕ್ರಮ ಶುರುವಾಗುವಾಗಲೂ ಇಳಿಬಿಸಿಲು ನೇರ ಪೆಟ್ಟಿಗೆಯ ಎದೆಗೇ ಹೊಡೆಯುತ್ತಿತ್ತು. ಬಾಬಾಸಾಹೇಬರ ದೊಡ್ಡ ಫೋಟೋಕ್ಕೆ ಮಾಲೆ, ನೀಲಿ ಬಣ್ಣದ ಬಾವುಟಗಳು, ಜಮಖಾನದ ತುಂಬ ಜನ. ಮುಂದಿನ ಸಾಲಿನಲ್ಲಿ ಅಯ್ಯಣ್ಣ ಒಗೆದ ಧೋತ್ರ ಉಟ್ಟು ಕೂತಿದ್ದ, ಪಕ್ಕದಲ್ಲಿ ದುರುಗಮ್ಮ ಹೊಸ ಇಳಕಲ್ ಸೀರೆಯಲ್ಲಿ. ಮಗನ ಪ್ರೋಗ್ರಾಮಿಗೆ ಅವರು ಬಂದದ್ದು ಇದೇ ಮೊದಲು.

ಮೊದಲ ಹಾಡಿನ ನಡುವೆಯೇ ಪೆಟ್ಟಿಗೆ ಕೈಕೊಟ್ಟಿತು. ಹಾರ್ಮೋನಿಯಂ ಒಂದು ಕಡೆ, ಅದು ಇನ್ನೊಂದು ಕಡೆ. ಹಾಡುವ ಹುಡುಗಿ ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ತಿರುಗಿ ತಿರುಗಿ ನೋಡಿದಳು. ಮೂಕಪ್ಪ ಗುಂಡಿ ಹಿಂಡಿದ. ಸರಿಹೋಯಿತು. ಎರಡು ಸಾಲು ಮುಗಿಯುವುದರೊಳಗೆ ಮತ್ತೆ ಏರಿತು. ಹಿಂದಿನಿಂದ ಸಿಳ್ಳೆ ಬಿದ್ದವು. "ಹೆಣ್ಣಬೆಕ್ಕು ಕೂಗಾಕತ್ತದೋ!" ಎಂದು ಯಾವನೋ ಒದರಿದ, ಜನವೆಲ್ಲ ಗೊಳ್ಳೆಂದರು.

"ಬಂದ್ ಮಾಡೋ ಮಾರಾಯ," ಎಂದು ಶರಣಯ್ಯನವರು ಹಲ್ಲು ಕಚ್ಚಿ ಹೇಳಿದರು. ಸ್ಟೇಜಿನ ಮಗ್ಗುಲಲ್ಲಿ ನಿಂತಿದ್ದ ಸಾಹೇಬರು ಕೈ ಎತ್ತಿ ರಾಯಚೂರಿನ ದಾರಿಯ ಕಡೆ ಬೀಸಿದರು. ಆಯಿತು, ನಾಳೆಯ ಬಸ್ಸು.

ಮೂಕಪ್ಪ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಹಂಚಿನಷ್ಟು ಸುಡುತ್ತಿತ್ತು. ಇನ್ನು ಇದರ ಸ್ವರ ನಿಲ್ಲುವುದಿಲ್ಲ ಎಂದು ಗೊತ್ತಾಯಿತು. ಹೋಗುವುದು ಹೇಗೂ ಹೋಗುತ್ತದೆ, ಸ್ವರವೇ ಬೇಡದ ಆಟ ಒಂದಿದೆಯಲ್ಲ! ಸರಸರನೆ ಗುಂಡಿಗಳನ್ನು ತಿರುಗಿಸಿ, ಕೆಳಗಿನ ಮನೆ ಒತ್ತಿದ. ಧಿಮ್!

ಸ್ಪೀಕರಿನಿಂದ ಬಿದ್ದ ಆ ಏಟಿಗೆ ಸಿಳ್ಳೆ ನಿಂತವು. ಮುಂದೆ ಕೂತ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಕಪ್ಪ ಇನ್ನೆರಡು ಏಟು ಹಾಕಿದ, ಮತ್ತೆ ನಾಲ್ಕು. ಸದ್ದು ಹಲಗೆಯದೇ, ಆದರೆ ನಡೆ ಕುಂಟುತ್ತಿತ್ತು. ತಂತಿ ಮೀಟುವ ಬೆರಳಿಗೆ ಅದು ಒಲಿಯಲಿಲ್ಲ. ಅವನು ತಲೆ ಎತ್ತಿ ಅಪ್ಪನನ್ನು ನೋಡಿದ. ಅಯ್ಯಣ್ಣ ಹುಬ್ಬು ಗಂಟಿಕ್ಕಿ, ತನ್ನ ತೊಡೆಯ ಮೇಲೆ ಆ ತಪ್ಪು ನಡೆಯನ್ನು ತಿದ್ದುತ್ತಿದ್ದ.

ಮೂಕಪ್ಪ ಮೈಕು ಹಿಡಿಯಲಿಲ್ಲ. ಸ್ಟೇಜಿನಿಂದ ಜಿಗಿದು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಯಪ್ಪಾ, ಬಾ."

"ಹುಚ್ಚ ಹಿಡದದೇನಲೇ? ನಾ ಬಿಟ್ಟೀನಿ."

"ಹಲಗಿ ಬಿಟ್ಟಿ. ಇದರಾಗ ಚರ್ಮ ಇಲ್ಲ, ಕೋಲಿಲ್ಲ. ಇದನ್ನ ಬಾರಸು ಅಂತ ಯಾವ ಮನಿಯಿಂದಾನೂ ಹೇಳಿ ಕಳಿಸಿಲ್ಲ. ನಾ ಕರಿಯಾಕತ್ತೀನಿ. ಮನಸ್ಸಿದ್ರ ಬಾ, ಇಲ್ಲಂದ್ರ ಬ್ಯಾಡ."

ಅಯ್ಯಣ್ಣ ಕೈಯನ್ನು ಕಂಕುಳಿಗೆ ಒಯ್ದ. ಅಷ್ಟರಲ್ಲಿ ದುರುಗಮ್ಮ ಅವನ ಮೊಣಕೈ ಹಿಡಿದು ಎಳೆದಳು. "ಏಳ್ರಿ ಮತ್ತ. ಆಗಿಂದ ತೊಡಿ ಬಡಕೊಂಡು ಬಡಕೊಂಡು ನನ್ನ ತೊಡಿನೂ ಬಡಿಯಾಕತ್ತೀರಿ!"

ಸುತ್ತಲಿನವರು ನಕ್ಕರು. ಅಯ್ಯಣ್ಣನೂ ನಕ್ಕುಬಿಟ್ಟ. ನಗುತ್ತ ಎದ್ದವನು ಹಾಗೆಯೇ ಮೆಟ್ಟಿಲು ಹತ್ತಿದ. ಹುಸೇನಪೀರ ತನ್ನ ಕುರ್ಚಿಯನ್ನು ಪೆಟ್ಟಿಗೆಯ ಮುಂದೆ ಸರಿಸಿಕೊಟ್ಟ.

"ನಾ ನಿಂತಾ ಬಾರಸಾವ," ಎಂದ ಅಯ್ಯಣ್ಣ, ಕುರ್ಚಿಯನ್ನೇ ನೋಡುತ್ತ.

"ಕುಂದ್ರೋ ಮಾವಾ, ಇದು ಕುಂತು ಬಾರಸೋದು," ಎಂದ ಹುಸೇನಪೀರ.

ಅಯ್ಯಣ್ಣ ಕುರ್ಚಿಯ ತುದಿಯಲ್ಲಿ ಕೂತ. ಆಮೇಲೆ ಸ್ವಲ್ಪ ಹಿಂದೆ ಸರಿದು ಪೂರ್ತಿ ಕೂತ. ಚರ್ಮ ಬಿಗಿಯಾಗಲೆಂದು ಹುಲ್ಲಿನ ಬೆಂಕಿಗೆ ಹಿಡಿದ ಹಲಗೆಯನ್ನು ನೋಡುವಂತೆ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು, ಆ ಕಡೆ ಈ ಕಡೆ ಮುಟ್ಟಿ ನೋಡಿದ. ಮುಖ ಅರಳಿತು.

"ಚಲೋ ಕಾದದ," ಎಂದ. ಮುಂದಿದ್ದ ಮೈಕು ಆ ಮಾತನ್ನು ದೇವದುರ್ಗಕ್ಕೆಲ್ಲ ಹೇಳಿತು. "ಈಗ ಬಾರಸಬೌದು."

ಆಮೇಲೆ ಬಾರಿಸಿದ ನೋಡಿ! ಬಲಗೈ ಎರಡು ಬೆರಳು ಮೇಲಿನ ಮನೆಯಲ್ಲಿ, ಎಡಗೈ ಹೆಬ್ಬೆರಳು ಕೆಳಗಿನದರಲ್ಲಿ. ಮೊದಲ ಸುತ್ತು ತಡವರಿಸಿತು, ಎರಡನೆಯದು ನಡೆಯಿತು, ಮೂರನೆಯದಕ್ಕೆ ಹಾರಿತು. ಹತ್ತು ವರ್ಷ ಕಂಕುಳಲ್ಲಿ ಮುಚ್ಚಿಟ್ಟಿದ್ದೆಲ್ಲ ಆ ಪೆಟ್ಟಿಗೆಯ ಬಾಯಿಂದ ಧಡಧಡನೆ ಹೊರಗೆ ಬಂತು. ಡೋಲಕ್ಕಿನವನು ಅವನ ಹಿಂದೆ ಓಡಿ ಓಡಿ ಸೋತು ನಕ್ಕ. ಹುಸೇನಪೀರ ಗಿಟಾರು ಹಿಡಿದ, ಮೂಕಪ್ಪನೂ ಹಿಡಿದ. ತಂತಿ ಕಾಣದಷ್ಟು ಅವನ ಕಣ್ಣು ಮಂಜಾಗಿದ್ದವು, ಆದರೆ ಬಾಯಿ ಕಿವಿಯವರೆಗೂ ಹೋಗಿತ್ತು. ಶರಣಯ್ಯನವರು ಹಾರ್ಮೋನಿಯಂ ಮುಚ್ಚಿ ಚಪ್ಪಾಳೆಯಲ್ಲಿ ತಾಳ ಹಾಕಿದರು. ಮುಂದಿನ ಸಾಲಿನ ಮುದುಕಿಯರು ಸೆರಗು ಸಿಕ್ಕಿಸಿಕೊಂಡು ಎದ್ದರು. ಹೊತ್ತು ಮುಳುಗಿದ್ದು ಯಾರಿಗೂ ತಿಳಿಯಲಿಲ್ಲ.

ಮುಗಿದಾಗ ಸಾಹೇಬರು ಗೋಣಿಚೀಲ ಹಿಡಿದುಕೊಂಡು ಸ್ಟೇಜಿನ ಮೇಲೆ ಬಂದರು.

"ಸಾಹೇಬ್ರ, ನಾಳಿ ಬಸ್ಸಿಗೆ..." ಎಂದು ಮೂಕಪ್ಪ ಮಾತು ತೆಗೆದ.

"ಯಾವ ಬಸ್ ಭಾಯಿ?" ಸಾಹೇಬರು ಅವನ ಕಡೆ ನೋಡದೆ ಪೆಟ್ಟಿಗೆಗೆ ಚೀಲ ಹೊದಿಸಿದರು. "ನಾಳಿ ಬಾಗಲವಾಡದಾಗ ಶಾದಿ ಪ್ರೋಗ್ರಾಮ್ ಅದ. ಇದು ರಾತ್ರಿ ನಿಮ್ಮ ಮನ್ಯಾಗಾ ಇರಲಿ. ಮಸರಕಲ್ ಮ್ಯಾಲಿಂದಾ ಹೋಗತೀವಲ್ಲ, ಇಳಿಸ್ತೀನಿ." ಆಮೇಲೆ ಅಯ್ಯಣ್ಣನ ಕಡೆ ತಿರುಗಿ, "ನೀವು ಬರ್ತೀರೇನ್ರೀ? ನಿಮಗ ಮನಸ್ಸಿದ್ರ," ಎಂದು ಕೇಳಿದರು. ಅಯ್ಯಣ್ಣ ಇನ್ನೂ ಕುರ್ಚಿಯಲ್ಲೇ ಇದ್ದ. "ನೋಡೋಣ್ರಿ," ಎಂದ, ದೊಡ್ಡ ಮನುಷ್ಯನ ಗತ್ತಿನಲ್ಲಿ.

ಮರುದಿನ ಮುಂಜಾನೆ ಮೂಕಪ್ಪ ಎಚ್ಚರಾಗಿ ನೋಡಿದರೆ ಮಗ್ಗುಲಲ್ಲಿದ್ದ ಪೆಟ್ಟಿಗೆ ಇಲ್ಲ. ಎದ್ದು ಹೊರಗೆ ಓಡಿದ. ಅಂಗಳದ ನಡುವೆ, ಆಗಷ್ಟೇ ಬಿದ್ದ ಬಿಸಿಲಿನಲ್ಲಿ ಹೊರಸು ಹಾಕಿ, ಅದರ ಮೇಲೆ ಪೆಟ್ಟಿಗೆ ಇಟ್ಟು, ಅಯ್ಯಣ್ಣ ಪಕ್ಕದಲ್ಲಿ ಬೀಡಿ ಸೇದುತ್ತ ಕೂತಿದ್ದ.

"ಯಪ್ಪಾ, ಏನ್ ಮಾಡಾಕತ್ತೀ?"

"ಕಾಯಲಿ ಅಂತ ಇಟ್ಟೀನೋ. ಬಾಗಲವಾಡದಾಗ ಹಳ್ಳದ ಗಾಳಿ ಭಾಳ. ತಣ್ಣಗಿದ್ರ ಅದು ಮಾತಾಡಂಗಿಲ್ಲ."

ಕಾದರೆ ಇದರ ಸ್ವರ ಕೆಡುತ್ತದೆ ಯಪ್ಪಾ ಎಂದು ಹೇಳಲು ಮೂಕಪ್ಪ ಬಾಯಿ ತೆರೆದವನು, ಹೇಳುವ ಬದಲು ಹೋಗಿ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದು, ಗೋಡೆಯ ನೆರಳು ಬೀಳದ ಕಡೆಗೆ ಸರಿಸಿಕೊಟ್ಟ.

ಒಳಗೆ ದುರುಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಅಯ್ಯಣ್ಣನ ಬೆರಳು ಪೆಟ್ಟಿಗೆಯ ಕಟ್ಟಿಗೆಯ ಅಂಚಿನ ಮೇಲೆ ಅವಳ ಹಿಂದೆ ಹಿಂದೆ ಹೋಗುತ್ತಿದ್ದವು. ಅವಳು ಬಡಿಯುವುದನ್ನು ನಿಲ್ಲಿಸಿ ಬಾಗಿಲಲ್ಲಿ ಹಣಿಕಿ ನೋಡಿದಳು. ಬೆರಳು ನಿಲ್ಲಲಿಲ್ಲ. ದುರುಗಮ್ಮ ಒಳಗೆ ಹೋಗಿ ಇನ್ನೊಂದು ಮುದ್ದಿ ಹಿಟ್ಟು ತೆಗೆದುಕೊಂಡು, ಈ ಸಲ ತುಸು ಜೋರಾಗಿಯೇ ಬಡಿಯತೊಡಗಿದಳು.